ಬೆಂಕಿ ಎಲ್ಲಿ ಎಂದು ಕೇಳಿದವರು

ಯುಗಾದಿ ಕಳೆದ ಮೇಲೆ ನಿಡೋಣಿಯ ಹೊರಗೆ ಕುರಿ ಮೇಯಿಸುವ ಗಾಯರಾಣ ಒಣಗಿ ಕಡ್ಡಿಯಾಗುತ್ತದೆ. ಆ ಹುಲ್ಲಿಗೆ ಕುರಿಗಳು ಬಾಯಿ ಹಾಕುವುದಿಲ್ಲ. ಹಳೆಯದನ್ನು ಸುಟ್ಟರೆ ಮೊದಲ ಮಳೆಗೇ ಹೊಸ ಚಿಗುರು ಬರುತ್ತದೆ ಎಂದು ಕುರಿಗಾರರು ನಂಬಿಕೊಂಡು ಬಂದಿದ್ದರು. ಮಲಕವ್ವನ ಗಂಡ ಅಮೋಘಿಯೂ ಹಾಗೇ ನಂಬಿದ್ದ. ಹಳ್ಳದ ಕಡೆಯ ಒಂದು ಮೂಲೆ ಮಾತ್ರ ಸುಡುತ್ತೇನೆಂದು ಮುಂಜಾನೆ ಕಡ್ಡಿ ಗೀರಿದ. ಹೊತ್ತೇರಿದಂತೆ ಗಾಳಿ ತಿರುಗಿತು. ಬೆಂಕಿ ಗಾಳಿಯ ಮಾತು ಕೇಳಿತು, ಅವನ ಮಾತು ಕೇಳಲಿಲ್ಲ.

ಮಧ್ಯಾಹ್ನಕ್ಕೆ ಹೊಗೆ ದಿಕ್ಕು ಕಾಣದಂತೆ ಊರ ಮೇಲೆ ಬಂತು. ಜನ ಕೊಡ ಹಿಡಿದು ಓಡಿದರು. ಬಬಲೇಶ್ವರದ ಕಡೆ ಹೊರಟಿದ್ದ ಲಾರಿಯವನೊಬ್ಬ ಸುದ್ದಿ ಮುಟ್ಟಿಸಿದ್ದರಿಂದ ವಿಜಾಪುರದ ಬೆಂಕಿ ಆರಿಸುವ ಗಾಡಿ ಬಂತು. ಅದರಿಂದ ಮೊದಲು ಇಳಿದವನ ಹೆಸರು ದಶರಥ. ಮೈಮೇಲೆ ಖಾಕಿ ಅಂಗಿ, ತಲೆಗೆ ಹಿತ್ತಾಳೆಯ ಟೋಪಿ. ಎದುರಿಗೆ ಸಿಕ್ಕವಳು ಮಲಕವ್ವ.

"ಅಕ್ಕಾರ, ಬೆಂಕಿ ಎಲ್ಲಿ ಹತ್ತೇತ್ರಿ? ಒಳಗ ಯಾರರ ಅದಾರೇನು?"

ಮಲಕವ್ವನ ಕಣ್ಣಿಗೆ ಕಂಡದ್ದು ಖಾಕಿ ಒಂದೇ. ಖಾಕಿ ಬಂತೆಂದರೆ ಗಂಡಸರು ಹಿತ್ತಲ ಬಾಗಿಲಿಂದ ಜಾರುವ ಓಣಿ ಅವಳದು. ಅಮೋಘಿ ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಹಳ್ಳದ ದಂಡೆಯ ಗೂಡಿನಲ್ಲಿ ಇನ್ನೂ ಸರಿಯಾಗಿ ನಡೆಯಲಾರದ ಮೂರು ಕುರಿಮರಿಗಳಿದ್ದವು. ಅವನ್ನು ತರಲು ಅವನು ಹೊಗೆಯೊಳಗೆ ಹೋಗಿದ್ದ. ಹೋದವನು ಬಂದಿರಲಿಲ್ಲ.

"ಒಳಗ ಯಾರೂ ಇಲ್ರಿ," ಎಂದಳು. "ಟಿಕೋಟಾ ದಾರಿ ಕಡೆ ಹತ್ತೇತಿ. ಹಾದಿಗೆ ಹೋಗೋರು ಯಾರೋ ಬೀಡಿ ಒಗದಿರಬೇಕ."

ಗಾಡಿ ಆ ಕಡೆಗೆ ತಿರುಗತೊಡಗಿತು. ಪಕ್ಕದಲ್ಲಿ ನಿಂತಿದ್ದ ಗ್ರಾಮಸೇವಿಕೆ ನೀಲಾಬಾಯಿ ಅವಳ ಮುಖವನ್ನೇ ನೋಡಿದಳು.

"ಮಲಕವ್ವಾ, ನಿನ್ನ ಗಂಡ ಎಲ್ಲ್ಯದಾನ?"

"ಸಂತಿಗೆ ಹೋಗ್ಯಾನ್ರಿ ಬಾಯಾರ."

"ಇವತ್ತ ಯಾವೂರ ಸಂತಿ?"

ಮಲಕವ್ವ ಹೆಗಲ ಮೇಲಿನ ಕಂಬಳಿಯನ್ನು ಎಳೆದುಕೊಂಡಳು.

"ಅವನ ಕಂಬಳಿ ನಿನ್ನ ಹೆಗಲ ಮ್ಯಾಲೈತಿ. ಕಂಬಳಿ ಬಿಟ್ಟು ಸಂತಿಗೆ ಹೋಗೋ ಕುರಿಗಾರನ್ನ ನಾ ಇನ್ನೂ ನೋಡಿಲ್ಲ."

"ಖರೇ ಹೇಳಿದರ ಅವನ ಕೈಗೆ ಬೇಡಿ ಹಾಕ್ತಾರ್ರಿ."

"ಬೇಡಿ ಹಾಕಾಕ ಮೊದಲ ಕೈ ಉಳೀಬೇಕಲ್ಲ ಬೇ. ಇವರು ಪೊಲೀಸರಲ್ಲ. ಇವರ ಗಾಡ್ಯಾಗ ನೀರೈತಿ, ಬೇಡಿ ಇಲ್ಲ. ನಿನ್ನ ಮಾತ ನಂಬಿ ಆ ಕಡೆ ಹೊಂಟಾರ. ಇದ್ದ ನೀರೆಲ್ಲಾ ಅಲ್ಲೇ ಸುರೀತಾರ. ಮುಂದ?"

ಮಲಕವ್ವ ಓಡಿದಳು. ತಿರುಗುತ್ತಿದ್ದ ಗಾಡಿಗೆ ಅಡ್ಡ ನಿಂತಳು.

"ನಾ ಸುಳ್ಳ ಹೇಳೀನ್ರಿ. ಹತ್ತಿದ್ದು ಹಳ್ಳದ ಕಡೆ. ನಮ್ಮ ಮನಿಯಾಂವ ಒಳಗದಾನ. ಬೆಂಕಿ ಹಚ್ಚಿದಾಂವ..."

"ಯಾರು ಹಚ್ಚಿದರು ಅಂತ ನಾ ಕೇಳಿಲ್ರಿ," ಎಂದ ದಶರಥ. "ಎಲ್ಲಿ ಅಂತ ಕೇಳೀನಿ. ಅವನ ಹೆಸರೇನು? ಕೂಗಿಕೋಂತ ಹೋಗಬೇಕು."

ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ.

"ಅಮೋಘಿ," ಎಂದಳು. ಮತ್ತೆ, ಎಲ್ಲರಿಗೂ ಕೇಳುವಂತೆ, "ಅಮೋಘಿ." ಹೆಗಲ ಮೇಲಿನ ಕಂಬಳಿಯನ್ನು ನೀರಿನಲ್ಲಿ ಅದ್ದಿ ದಶರಥನ ಕೈಗೆ ಕೊಟ್ಟಳು. "ನೆಟ್ಟಗ ಹೋಗಬ್ಯಾಡ್ರಿ. ಎಡಕ್ಕ ಕಲ್ಲಿನ ಹಾದಿ ಐತಿ, ಅಲ್ಲಿ ಹುಲ್ಲಿಲ್ಲ."

ಮೂವರು ಪೈಪು ಎಳೆದುಕೊಂಡು ಆ ಹಾದಿಯಲ್ಲಿ ಹೋದರು. ಹೊಗೆಯೊಳಗಿಂದ ಅಮೋಘಿಯ ಹೆಸರು ಮತ್ತೆ ಮತ್ತೆ ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ. ಮಲಕವ್ವ ಕುಳಿತುಕೊಳ್ಳಲಿಲ್ಲ. ಕೊನೆಗೆ ದಶರಥ ಹೊರಬಂದಾಗ ಅವನ ಬೆನ್ನ ಮೇಲೆ ಅಮೋಘಿ ಇದ್ದ. ಹುಬ್ಬು ಸುಟ್ಟಿತ್ತು, ಉಸಿರಿತ್ತು. ಹಿಂದೆ ಬಂದವನ ಕೈಯಲ್ಲಿದ್ದ ಅದೇ ಕಂಬಳಿಯಲ್ಲಿ ಎರಡು ಮರಿಗಳು. ಮೂರನೆಯದು ಸಿಕ್ಕಿರಲಿಲ್ಲ. ದಶರಥನ ಬಲಗೈ ಮೊಣಕೈವರೆಗೆ ಬೆಂದಿತ್ತು. ಬೆಂಕಿ ಊರಿನ ಬಣವೆಗಳನ್ನು ಮುಟ್ಟುವ ಮೊದಲೇ ಆರಿತು.

ಎಂಟು ದಿನದ ಮೇಲೆ ಬೆಂಕಿ ಆರಿಸಿದವರು ಮತ್ತೆ ಬಂದರು. ಊರವರು ಚಾವಡಿಯಲ್ಲಿ ತೆಂಗಿನಕಾಯಿ, ಹೂವಿನ ಹಾರ ಹಿಡಿದು ಕಾದಿದ್ದರು. ಗಾಡಿಯ ಸದ್ದು ಕೇಳಿದ್ದೇ ಮನೆಯಲ್ಲಿದ್ದ ಅಮೋಘಿ ಎದ್ದು ಹಿತ್ತಲಿಗೆ ನಡೆದ. ಮಲಕವ್ವ ಅಲ್ಲಿ ಮೊದಲೇ ನಿಂತಿದ್ದಳು.

"ಇವತ್ತ ಮುಂದಿನ ಬಾಗಿಲಿಂದ ಹೋಗೂಣು," ಎಂದಳು.

"ಕೇಳಿದರ ಏನ ಹೇಳ್ಲಿ?"

"ಕೇಳೂದಿಲ್ಲ ಅವರು. ನೀನ ಹೇಳು."

ಚಾವಡಿಯಲ್ಲಿ ಅಮೋಘಿ ನೆಲ ನೋಡುತ್ತ ನಿಂತ. "ಹಚ್ಚಿದಾಂವ ನಾನ್ರಿ," ಎಂದ. ಜನ ಗುಜುಗುಜು ಎಂದರು. ದಶರಥ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಸುಮ್ಮನಿರಿಸಿದ.

"ಹಂಗಾರ ಗಾಳಿ ಹೆಂಗ ತಿರುಗಿತು ಅನ್ನೂದು ನಿನಗ ಗೊತ್ತಿರತೈತಿ. ಬಾ, ತೋರಸು. ಹಾರ ಆಮ್ಯಾಲ ಹಾಕ್ಕೊಂತೇನಿ. ನಾವು ನೀರ ತರತೇವಿ, ಆದರ ಹಾದಿ ನಿಮಗ ಗೊತ್ತು. ಕಲ್ಲಿನ ಹಾದಿ ಅಕ್ಕಾರು ಹೇಳದಿದ್ದರ ನಾನೂ ತಿರುಗಿ ಬರತಿರಲಿಲ್ಲ."

ಅಂದು ಇಡೀ ಊರು ಅವರೊಂದಿಗೆ ಗಾಯರಾಣ ತಿರುಗಿತು. ನೀರಿರುವ ಬಾವಿ ಯಾವುದು, ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಎಂದು ತೋರಿಸಿತು. ಊರಿಗೂ ಹುಲ್ಲಿಗೂ ನಡುವೆ ಅಗಲವಾದ ಪಟ್ಟೆಯನ್ನು ಉತ್ತು ಬರಿಮಣ್ಣು ಮಾಡಬೇಕೆಂದು ದಶರಥ ಹೇಳಿದ. ಮರುದಿನ ಎಲ್ಲರಿಗಿಂತ ಮೊದಲು ನೇಗಿಲು ಹೂಡಿದವನು ಅಮೋಘಿ. ಅಂದು ಗಾಡಿ ಹೊರಡುವಾಗ ಮಲಕವ್ವ ಅದರೊಳಗೆ ಹೊಸ ಕಂಬಳಿ ಇಟ್ಟಳು.

"ಇನಾಮ ತಗೊಳ್ಳೂದಿಲ್ರಿ ನಾವು," ಎಂದ ದಶರಥ.

"ಇನಾಮಲ್ಲೋ ತಮ್ಮಾ. ನಮ್ಮ ಮರಿ ಒಂದ ಬಾಕಿ ಐತಿ. ಮುಂದ ಯಾರದರ ಮನೀ ಮರಿ ಬೆಂಕ್ಯಾಗ ಸಿಕ್ಕರ, ಇದರಾಗ ಸುತ್ತಿ ತಾ."

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಣಹುಲ್ಲಿಗೆ ಬೆಂಕಿ ಹಚ್ಚುವ ರೂಢಿಯನ್ನು ಈ ವರ್ಷವೇ ಬಿಡಿ. ಆದರೂ ಎಲ್ಲಾದರೂ ಬೆಂಕಿ ಕಂಡರೆ ಕೂಡಲೇ ಸುದ್ದಿ ಮುಟ್ಟಿಸಿ. ಆರಿಸಲು ಬಂದವರಿಗೆ ಬೆಂಕಿ ಎಲ್ಲಿದೆ, ಒಳಗೆ ಯಾರಿದ್ದಾರೆ, ನೀರೆಲ್ಲಿದೆ ಎಂಬುದನ್ನು ಮುಚ್ಚಿಡದೆ ಹೇಳಿ. ತಪ್ಪು ಯಾರದೆಂದು ಆಮೇಲೆ ಮಾತಾಡಬಹುದು, ಮಾತಾಡಲು ಎಲ್ಲರೂ ಉಳಿದಿದ್ದರೆ. ಅವರು ನಿಮ್ಮ ಊರಿಗೆ ಬಂದ ದಿನ ನಿಮ್ಮ ಮುಂದಿನ ಬಾಗಿಲು ತೆರೆದಿರಲಿ.