ಗುಬ್ಬಿ ಮುಟ್ಟದ ತೋರಣ

ನಾನು ಒಂದು ಭತ್ತದ ತೆನೆಯ ತೋರಣ. ಹುಟ್ಟಿದ್ದು ಸಾಗರದ ಕಡೆಯ ಒಂದು ಊರಿನಲ್ಲಿ, ಹಾಲಮ್ಮನ ಮಡಿಲಲ್ಲಿ. ತೀರ ಒಣಗಲು ಬಿಟ್ಟರೆ ಕಾಳು ಉದುರುತ್ತದೆಂದು, ತೆನೆ ಹಳದಿಗೆ ತಿರುಗಿದ ಕೂಡಲೇ ಅವಳು ಕುಯ್ದು ತಂದು ನೆರಳಲ್ಲಿ ಬಾಡಿಸಿದಳು. ಆಮೇಲೆ ದಂಟಿಗೆ ನೀರು ಚಿಮುಕಿಸಿ, ಮೂರು ಮೂರು ಎಳೆ ಹಿಡಿದು ಹೆಣೆದಳು. ಅವಳಷ್ಟು ಬಿಗಿಯಾಗಿ ಹೆಣೆಯುವವರು ಸುತ್ತಮುತ್ತ ಯಾರೂ ಇಲ್ಲ. ಇದು ನನ್ನ ಜಂಬವಲ್ಲ, ಊರಿನವರ ಮಾತು.

ಅವಳ ಮನೆಯ ಪದ್ಧತಿ ಸರಳ. ಹೊಸಕ್ಕಿ ಹಬ್ಬದ ದಿನ ತೋರಣವನ್ನು ಬಾಗಿಲಿಗೆ ಕಟ್ಟಬೇಕು, ಗುಬ್ಬಿಗಳು ಬಂದು ತಿನ್ನಬೇಕು. ವರ್ಷ ಕಳೆಯುವಷ್ಟರಲ್ಲಿ ಬರೀ ಹುಲ್ಲು ಉಳಿದರೆ ಮನೆಗೆ ಒಳ್ಳೆಯದು. ಅಂದರೆ ತಿನ್ನಿಸಿಕೊಳ್ಳುವುದೇ ನನ್ನ ಕೆಲಸ. ಇಷ್ಟು ಸಣ್ಣ ಆಸೆಯನ್ನೂ ಈ ಜನ ನಡೆಸಿಕೊಡಲಿಲ್ಲವಲ್ಲ!

ನಾನು ಹುಟ್ಟಿದ ವರ್ಷ ಪಕ್ಕದ ರಿಸಾರ್ಟಿನ ಮ್ಯಾನೇಜರ್ ಪ್ರಫುಲ್ಲಚಂದ್ರ ಬಂದು, ಮೂವತ್ತು ತೋರಣ ಬೇಕೆಂದ. ಹಾಲಮ್ಮನಿಗೆ ಹಿಗ್ಗೋ ಹಿಗ್ಗು. ಅವಳೂ ಸೊಸೆ ವನಜಾಳೂ ಗದ್ದೆಯ ಮೂಲೆಯಲ್ಲಿದ್ದ ಉದ್ದ ದಂಟಿನ ಭತ್ತವನ್ನೆಲ್ಲ ತಂದು ಹೆಣೆದದ್ದೇ ಹೆಣೆದದ್ದು. ಬೀಜಕ್ಕೆ ಸೊಸೆ ತೆಗೆದಿಟ್ಟಿದ್ದಾಳೆಂದು ಅತ್ತೆ, ಅತ್ತೆ ತೆಗೆದಿಟ್ಟಿದ್ದಾಳೆಂದು ಸೊಸೆ ಅಂದುಕೊಂಡು, ಬೀಜಕ್ಕೆ ಒಂದು ಕಾಳೂ ಉಳಿಯಲಿಲ್ಲ. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ?

ಉಳಿದ ತೋರಣಗಳು ರಿಸಾರ್ಟಿನ ಕೋಣೆಗಳಿಗೆ ಹೋದವು. ಎಲ್ಲರಿಗಿಂತ ಚೆಂದವಿದ್ದೇನೆಂದು ನನ್ನನ್ನು ಮುಂಭಾಗದ ಹಜಾರದ ಗೋಡೆಗೆ ತೂಗುಹಾಕಿದರು. ಮರುದಿನವೇ ಒಬ್ಬ ಬ್ರಶ್ ಹಿಡಿದು ಬಂದು ಮೈಗೆಲ್ಲ ವಾರ್ನಿಷ್ ಬಳಿದ. ಮೇಲೊಂದು ದೀಪ, ಕೆಳಗೊಂದು ಬೋರ್ಡು: ದಯವಿಟ್ಟು ಮುಟ್ಟಬೇಡಿ. ಕಿಟಕಿಯ ಗಾಜಿನಾಚೆ ಗುಬ್ಬಿಗಳು ಕೊಕ್ಕು ಕುಟ್ಟಿ ಕುಟ್ಟಿ ಸೋತು ಹೋದವು. ಬಂದ ಅತಿಥಿಗಳೆಲ್ಲ ನನಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡರು. ನೋಡುವುದಕ್ಕೆ ಬಂದವರು ಬೆನ್ನು ಹಾಕುವುದೆಂದರೇನು, ನನಗಂತೂ ಇವತ್ತಿಗೂ ತಿಳಿದಿಲ್ಲ.

ಒಂದೂವರೆ ವರ್ಷದ ಮೇಲೆ ಹಾಲಮ್ಮ ಬಂದಳು, ವನಜಾಳ ಕೈ ಹಿಡಿದುಕೊಂಡು. ಕಣ್ಣು ಮಂಜಾಗಿತ್ತು.

"ಮೂವತ್ತರಲ್ಲಿ ಒಂದನ್ನಾರೂ ವಾಪಸ್ ಕೊಡಿ ಸ್ವಾಮಿ. ಬೀಜ ಪೂರಾ ಹೋತು. ಸುತ್ತ ಊರೆಲ್ಲ ತಿರುಗಿ ಆತು, ಎಲ್ಲ ಮಿಷನ್ನಿಗೆ ಕುಯ್ಯೋ ಗಿಡ್ಡ ಭತ್ತನೇ ಹಾಕ್ಯಾರೆ. ಅದ್ರ ದಂಟು ಗೇಣು ಹೆಣಿಯೋದ್ರಾಗೆ ಮುರಿತದೆ."

"ಕೋಣೆಯವಕ್ಕೆಲ್ಲ ಹುಳ ಬಿತ್ತು ಅಮ್ಮ, ಎಸೆದ್ವಿ. ಇದೊಂದೇ ಉಳಿದಿರೋದು. ಇದನ್ನು ಕೊಟ್ಟರೆ ಗೋಡೆ ಬೋಳಾಗುತ್ತಲ್ಲ?" ಎಂದ ಪ್ರಫುಲ್ಲಚಂದ್ರ.

ಹಾಲಮ್ಮ ಬೋರ್ಡನ್ನು ಪಕ್ಕಕ್ಕೆ ಸರಿಸಿ, ನನ್ನ ಜೋತ ತುದಿಯಿಂದ ಒಂದು ಕಾಳು ಕಿತ್ತು ಹಲ್ಲಿನಲ್ಲಿ ಕಚ್ಚಿದಳು. ಥೂ ಎಂದು ಉಗಿದಳು.

"ಭತ್ತಕ್ಕೆ ಬಣ್ಣ ಬಳ್ದೀರಲ್ಲ, ಇದಿನ್ನು ಮೊಳಿತದಾ, ನಿಮ್ಮ ಕೈಗಿಷ್ಟು ಬೆಂಕಿ ಹಾಕ!" ಎನ್ನುತ್ತ ಅಲ್ಲೇ ಕುಸಿದು ಕೂತು ಅತ್ತಳು. ನನ್ನ ಕಾಳಿಗಾಗಿ ಅಳುವವರನ್ನು ಅಂದೇ ಮೊದಲು ಕಂಡದ್ದು. ಮ್ಯಾನೇಜರ್ ಗಾಬರಿಯಾಗಿ ತಾನೇ ಸ್ಟೂಲು ಹತ್ತಿ ನನ್ನನ್ನು ಇಳಿಸಿ ಕೊಟ್ಟ.

ಮನೆಗೆ ತಂದು ಹುಡುಕಿದಾಗ, ಹೆಣಿಗೆಯ ಒಳಮಡಿಕೆಯಲ್ಲಿ ಬ್ರಶ್ ತಲುಪದ ಕಾಳುಗಳು ವನಜಾಳಿಗೆ ಸಿಕ್ಕವು. ಅವನ್ನು ತೆಗೆಯಬೇಕಾದರೆ ನನ್ನನ್ನು ಪೂರ್ತಿ ಬಿಚ್ಚಬೇಕು.

"ಬ್ಯಾಡ ಅತ್ತೆ, ಇಂಥದ್ದು ಇನ್ನೊಂದು ಹೆಣಿಯಕ್ಕೆ ನಿಮ್ಮ ಕಣ್ಣಿಗೆ ಆಗಾಕಿಲ್ಲ."

"ಅದಕ್ಕೇ ಬಿಚ್ತಿರೋದು ಕಣೆ. ನಂದು ಮುಗೀತು, ಭತ್ತದ್ದು ಮುಗೀಬಾರ್ದು."

ಒಂದಿಡೀ ಮಧ್ಯಾಹ್ನ ಹಾಲಮ್ಮ ತಡವಿ ತಡವಿ ಬಿಚ್ಚಿದಳು. ಸಿಕ್ಕದ್ದು ಒಂದು ಹಿಡಿ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಮಗ್ಗುಲಲ್ಲಿಟ್ಟರು. ನಾಲ್ಕನೆಯ ದಿನ ಗಂಟು ಬಿಚ್ಚಿದರೆ ಹನ್ನೊಂದು ಕಾಳು ಮೊಳೆತಿದ್ದವು. ಹಾಲಮ್ಮನಿಗೆ ಕಾಣಿಸಲಿಲ್ಲ. ವನಜಾ ಅವಳ ಬೆರಳು ಹಿಡಿದು ಒಂದೊಂದಾಗಿ ಮುಟ್ಟಿಸಿದಳು.

ಹನ್ನೊಂದು ಗಿಡದಿಂದ ತೋರಣಕ್ಕಾಗುವಷ್ಟು ತೆನೆ ಬರಲು ಇನ್ನೂ ಎರಡು ಬೆಳೆ ಬೇಕು. ಅಲ್ಲಿಯವರೆಗೆ ಕೈ ಕಟ್ಟಿ ಕೂರಬಾರದೆಂದು, ನನ್ನ ಬೋಳು ದಂಟುಗಳನ್ನು ನೆನೆಸಿ ಕೊಟ್ಟು ಹಾಲಮ್ಮ ಸೊಸೆಗೆ ಕಲಿಸುತ್ತಿದ್ದಾಳೆ. ವನಜಾ ಹೆಣೆದದ್ದು ಸೊಟ್ಟ. "ಬಿಚ್ಚು," ಎನ್ನುತ್ತಾಳೆ ಅತ್ತೆ. ಮತ್ತೆ ಹೆಣೆದರೂ ಸೊಟ್ಟ. ಹೆಣೆದು ಬಿಚ್ಚಿ, ಹೆಣೆದು ಬಿಚ್ಚಿ, ನಾನು ದಿನಕ್ಕಷ್ಟು ಮುರಿಯುತ್ತಿದ್ದೇನೆ. ಸಿಟ್ಟು ಬರುತ್ತದೆ, ನಿಜ. ಆದರೂ ಸುಮ್ಮನಿದ್ದೇನೆ. ನಾನು ಪೂರ್ತಿ ಪುಡಿಯಾಗುವುದರೊಳಗೆ ಆ ಹುಡುಗಿಯ ಕೈ ನೆಟ್ಟಗಾಗಬೇಕು.