ಸೂತಕದ ಮನೆಯ ಮಲ್ಲಿಗೆ

"ಈ ಗಿಡಗಳ ಮೊಗ್ಗನ್ನೆಲ್ಲ ಕೊಯ್ದದ್ದು ಯಾರು?"

ಗುಲಾಬಿ ಯಾರ ಮುಖವನ್ನೂ ನೋಡದೆ ಕೇಳಿದಳು. ಸತ್ತ ಅಣ್ಣನ ಎದೆಯ ಮೇಲಿಡಲು ಒಂದು ಹಿಡಿ ಮಲ್ಲಿಗೆ ತರುವುದಕ್ಕೆಂದು ಅಂಗಳದಾಚೆ ಹೋಗಿದ್ದಳು. ಗಿಡಗಳಲ್ಲಿ ಬರಿಯ ಎಲೆಯಿತ್ತು.

ಅವಳ ಅಣ್ಣ ಮುದ್ದಣ್ಣ ಮಾಸ್ಟ್ರನ್ನು ಜಗಲಿಯಲ್ಲಿ ಮಲಗಿಸಿದ್ದರು. ಕಾಪುವಿನ ಶಾಲೆಯ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಕೈಮುಗಿದು ಅಂಗಳದಲ್ಲಿ ನಿಲ್ಲುತ್ತಿದ್ದರು.

"ಟಿವಿ ಸೀರಿಯಲ್ಲಿನ ಅತ್ತೆ, ಸಿನೆಮಾದ ವಿಲನ್, ಸಾಬೂನಿನ ಜಾಹೀರಾತು, ಮಾಸ್ಟ್ರು ಒಂದನ್ನೂ ಬಿಟ್ಟವರಲ್ಲ ಮಾರಾಯ. ಎಲ್ಲದರಲ್ಲೂ ಪಾಠ," ಎಂದ ಮಲ್ಲಿನಾಥ. ಈಗ ಅವನು ಕಾರ್ಕಳದ ಬಸ್ಸಿನ ಡ್ರೈವರ್. "ಪುಸ್ತಕದ ಪಾಠ ಮಾತ್ರ ಮುಗಿಯುತ್ತಿರಲಿಲ್ಲ."

"ಅದು ನಿನ್ನ ಮಾರ್ಕು ನೋಡುವಾಗಲೇ ಗೊತ್ತಾಗಿತ್ತು," ಎಂದ ಪಕ್ಕದವನು. ನಗು ಅರ್ಧಕ್ಕೇ ನಿಂತಿತು.

ಮಾಸ್ಟ್ರ ಅಣ್ಣ ಸೂರಪ್ಪ ಜಗಲಿ ಹತ್ತಿ ಬಂದರು. "ವಿನೋದಾ, ಹೂ ಎಂತ ಆಯ್ತು?"

ಗಂಡನ ತಲೆಯ ಬಳಿ ಕುಳಿತಿದ್ದ ವಿನೋದಾ ಹೇಳಿದಳು: "ಹೂ ಮಾರುವ ಎಡ್ವಿನ್‌ಗೆ ಕೊಟ್ಟೆ, ದಿನಾ ಕೊಡುವ ಹಾಗೆ."

"ಆಗ ಇವನು?"

"ಹೋಗಿದ್ದರು. ಚಾ ಕುಡಿಯಲು ಎಬ್ಬಿಸಿದಾಗಲೇ ಮೈ ತಣ್ಣಗಿತ್ತು. ಬಿಸಿಲು ಬಂದರೆ ಮೊಗ್ಗು ಅರಳ್ತದಲ್ವಾ ಅಂತ ಬುಟ್ಟಿ ಹಿಡಿದುಕೊಂಡು ಹೋದೆ. ಕೊಯ್ದೆ, ಕಟ್ಟಿದೆ, ಕೊಟ್ಟೆ. ಆಮೇಲೆ ನಿಮಗೆ ಫೋನ್ ಮಾಡಿದೆ."

ಸಾವಾದ ಮನೆಯ ಹೂ ದೇವರಿಗೆ ಆಗದು, ಮದುಮಗಳ ಜಡೆಗೂ ಆಗದು. ಸೂತಕ ಕಳೆಯುವವರೆಗೆ ಅದು ಗಿಡದಲ್ಲೇ ಅರಳಿ ಉದುರಬೇಕು. ಮಲ್ಲಿಗೆ ಬೆಳೆಯುವ ಊರಿನಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು ಇದು.

*

ಹಿಂದೊಮ್ಮೆ ಮಾಸ್ಟ್ರು ಶಾಲೆಯ ಟಿವಿಯಲ್ಲಿ ಕ್ರಿಕೆಟ್ ಹಾಕಿದ್ದರು. ವಿಕೆಟ್ ಕೀಪರ್ ಹಿಡಿದ ಕ್ಯಾಚಿಗೆ ಅಂಪೈರ್ ತಲೆ ಅಲ್ಲಾಡಿಸಿ ಔಟಲ್ಲ ಎಂದ. ಆದರೂ ಬ್ಯಾಟ್ಸ್‌ಮನ್ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದ. ಮಕ್ಕಳು "ಮರ್ಲ, ಮರ್ಲ" ಎಂದು ಹುಚ್ಚನನ್ನು ಕಂಡ ಹಾಗೆ ಕೂಗಿದರು.

ಮಾಸ್ಟ್ರು ಟಿವಿಯ ಸದ್ದು ಅಡಗಿಸಿದರು. "ಚೆಂಡು ಬ್ಯಾಟಿಗೆ ತಾಗಿದ್ದು ಮೊದಲು ಯಾರಿಗೆ ಗೊತ್ತಾಗುವುದು?"

ಅಂಪೈರಿಗೆ ಎಂದರು ಕೆಲವರು, ಕ್ಯಾಮರಾಕ್ಕೆ ಎಂದರು ಕೆಲವರು. ಗಾರೆ ಕೆಲಸಕ್ಕೆ ಬಂದವರ ಮಗ ಮಲ್ಲಿನಾಥ ಹಿಂದಿನ ಬೆಂಚಿನಿಂದ, "ಬ್ಯಾಟು ಹಿಡಿದ ಕೈಗೆ ಸಾರ್," ಎಂದ. ಆ ವಾರವೆಲ್ಲ ಮಾಸ್ಟ್ರು ಆ ಉತ್ತರವನ್ನೇ ಹೇಳಿಕೊಂಡು ತಿರುಗಿದರು.

ಮನೆಯಲ್ಲಿ ಹೂ ಕಟ್ಟುತ್ತಿದ್ದ ವಿನೋದಾ ಕೇಳಿದಳು: "ಕಡೆಗೆ ಆ ಹೊರಟುಹೋದವನ ಟೀಮು ಗೆದ್ದಿತೋ?"

"ಸೋತಿತು."

"ಅದಕ್ಕೆ ಮಕ್ಕಳಿಗೆ ಎಂತ ಹೇಳಿದಿರಿ?"

"ಅವರು ಆ ಪ್ರಶ್ನೆ ಕೇಳಲಿಲ್ಲ," ಎಂದು ಮಾಸ್ಟ್ರು ಬಾಳೆನಾರನ್ನು ಸೀಳಿ ಅವಳ ಮುಂದಿಟ್ಟರು.

*

ಎಡ್ವಿನ್ ಸ್ಕೂಟರನ್ನು ಗೇಟಿನ ಹೊರಗೇ ಬಿಟ್ಟು ಓಡಿಬಂದ. ಮಾಸ್ಟ್ರ ಕಾಲು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡ.

"ವಿನೋದಕ್ಕಾ, ನಿಮ್ಮ ಹೂ ಕಾರ್ಕಳದ ಮದುವೆಗೆ ಹೋಗಿದೆ. ಸುದ್ದಿ ಅಲ್ಲಿಗೂ ಮುಟ್ಟಿತು. ಹೂ ಹೊರಡುವಾಗ ಮಾಸ್ಟ್ರು ಇದ್ದರೋ ಇಲ್ಲವೋ, ಮನೆಯವರ ಬಾಯಿಂದಲೇ ಕೇಳಬೇಕಂತೆ ಮದುಮಗಳ ಅಮ್ಮನಿಗೆ. ನಮ್ಮಲ್ಲಿ ಸೂತಕ ಇಲ್ಲ ಅಕ್ಕಾ, ಅವರಿಗೆ ಉಂಟಲ್ವಾ. ಇನ್ನೂ ಮುಡಿಸಿಲ್ಲ. ಲೈನಿನಲ್ಲಿದ್ದಾರೆ."

ಸೂರಪ್ಪ ಅವನ ಕೈಯಿಂದ ಸ್ಪೀಕರ್ ಹಾಕಿದ್ದ ಫೋನು ತೆಗೆದುಕೊಂಡು, ಅದರ ಮೇಲೆ ಅಂಗೈ ಮುಚ್ಚಿ ತಗ್ಗಿದ ಸ್ವರದಲ್ಲಿ ಹೇಳಿದರು: "ಹೂ ಹೋದ ಮೇಲೆ ತೀರಿಕೊಂಡರು ಅಂತ ಹೇಳು. ಡಾಕ್ಟರು ಸಹ ಬೆಳಿಗ್ಗೆ ಅಂತ ಮಾತ್ರ ಬರೆದದ್ದು. ನಿಜ ಹೇಳಿದರೆ ಇನ್ನು ಮುಂದೆ ನಿನ್ನ ಹೂವನ್ನು ಒಬ್ಬರೂ ಮುಟ್ಟುವುದಿಲ್ಲ."

"ನನ್ನ ಗಿರಾಕಿಗಳೂ ಹೋಗ್ತಾರೆ ಅಕ್ಕಾ," ಎಂದ ಎಡ್ವಿನ್, ನೆಲ ನೋಡುತ್ತ.

ಗುಲಾಬಿ ವಿನೋದಾಳ ಭುಜ ಹಿಡಿದಳು. "ಒಂದು ಮಾತು ಅತ್ತಿಗೆ. ಮದುವೆ ಮನೆಯವರಿಗೂ ಸಮಾಧಾನ. ಅಣ್ಣನಿಗೆ ಅದರಿಂದ ಎಂತ ನಷ್ಟ?"

ಸೂರಪ್ಪ ಅಂಗೈ ತೆಗೆದರು. ಆ ಕಡೆಯ ಡೋಲು, ನಾಗಸ್ವರ, ಹೆಂಗಸರ ನಗು ಒಮ್ಮೆಲೇ ಜಗಲಿಯ ತುಂಬ ಕೇಳಿಸಿತು. ಮಾಸ್ಟ್ರ ತಲೆಯ ಬಳಿಯ ದೀಪ ನೆಟ್ಟಗೆ ಉರಿಯುತ್ತಿತ್ತು.

"ಹಲೋ?" ಎಂದಿತು ಒಂದು ಹೆಣ್ಣು ದನಿ. "ಹಲೋ, ಯಾರು?"

"ಇಲ್ಲ ಭಾವ," ಎಂದಳು ವಿನೋದಾ, ಆಚೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಾನು ಹಾಗೆ ಹೇಳುವುದಿಲ್ಲ."