ಮಂಜಿನೊಳಗೆ ನಡೆದ ವಾಕ್ಯ

ಮಿರೆಲ್ಲಾಗೆ ಲ್ಯಾಟಿನ್ ಎಂದರೆ ಮೀನು ಕೊಯ್ಯುವ ಕೆಲಸ. ವಾಕ್ಯ ಕಂಡೊಡನೆ ಬಾಲದಲ್ಲಿ ಅಡಗಿರುವ ಕ್ರಿಯಾಪದವನ್ನು ಹಿಡಿದು ಹೊರಗೆಳೆಯುವುದು, ಆಮೇಲೆ ಕರ್ತೃ, ಆಮೇಲೆ ಉಳಿದ ಚೂರುಪಾರು. ಇಟಲಿಯ ಪೆರೂಜಾ ಪಟ್ಟಣದ ಆ ಶಾಲೆಯಲ್ಲಿ ಎಲ್ಲರೂ ಕಲಿತದ್ದು ಹೀಗೆಯೇ. ಅವಳ ಕೈಯಲ್ಲಿ ಮಾತ್ರ ಆ ಚೂರುಗಳು ಮತ್ತೆ ಕೂಡಿ ಮೀನಾಗುತ್ತಿರಲಿಲ್ಲ. ಇದು ಕಡೆಯ ಮೌಖಿಕ ಪರೀಕ್ಷೆ. ಹತ್ತಕ್ಕೆ ಆರು ಬರದಿದ್ದರೆ ಇಡೀ ವರ್ಷ ಮತ್ತೆ ಓದಬೇಕು. ಅಪ್ಪ ಆಗಲೇ ಹೇಳಿದ್ದ, "ಇನ್ನೊಂದ್ ವರ್ಷ ಅಂದ್ರೆ ನನ್ ಕೈಲಾಗಲ್ಲಮ್ಮ. ಬಂದು ಬಲೆ ಎಳಿ."

ಬಾಸ್ತಿಯಾನೆಲ್ಲಿ ಮೇಡಂ ಅವಳನ್ನು ಮೇಜಿನ ಬಳಿ ಕರೆದರು. ಪಕ್ಕದಲ್ಲಿ ಕೂತಿದ್ದ ಫೌಸ್ತೋ ಪಿಸುಗುಟ್ಟಿದ, "ಹೋಗ್ ಬಾರಮ್ಮ. ಹೂವು ನಾನ್ ತರ್ತೀನಿ, ಯಾವ ಬಣ್ಣದ್ದು?"

"ನಿನ್ ಗೋರಿಗೆ ಉಳಿಸ್ಕೊ," ಎಂದು ಅವಳು ಎದ್ದಳು.

ತೆರೆದಿದ್ದ ಪುಟದಲ್ಲಿ ಹಳೆಯ ರೋಮಿನ ಇತಿಹಾಸಕಾರನೊಬ್ಬ ಬರೆದ ಯುದ್ಧವಿತ್ತು. ಅದು ನಡೆದದ್ದು ತ್ರಸಿಮೇನೋ ಸರೋವರದ ದಂಡೆಯಲ್ಲಿ, ಮಿರೆಲ್ಲಾಳ ಊರ ಮಗ್ಗುಲಲ್ಲೇ. ರೋಮಿನ ದಂಡು ಅಲ್ಲಿ ಗುಡ್ಡಗಳಲ್ಲಿ ಅಡಗಿದ್ದ ಶತ್ರುವಿನ ಹೊಂಚಿಗೆ ಸಿಕ್ಕಿ ಮಣ್ಣಾದ ಕಥೆಯನ್ನು ಅವಳು ಅಜ್ಜಿಯ ತೊಡೆಯ ಮೇಲೇ ಕೇಳಿದ್ದಳು. ಎಂದಿನಂತೆ ಅವಳ ಬೆರಳು ವಾಕ್ಯದ ಬಾಲಕ್ಕೆ ಜಾರಿತು.

"ಕೊನೆಗೆ ಯಾಕೆ ಓಡ್ತೀಯೆ?" ಮೇಡಂ ಕೇಳಿದರು.

"ಕ್ರಿಯಾಪದ ಮೊದ್ಲು ಹುಡುಕ್ಬೇಕಲ್ವಾ ಮೇಡಂ?"

"ನಿಮ್ಮಜ್ಜಿ ಕಥೆ ಹೇಳೋವಾಗ, ಕೊನೇಲಿ ಯಾರು ಸಾಯ್ತಾರೆ ಅಂತ ಮೊದ್ಲೇ ಕೇಳ್ತಿದ್ಯಾ?"

"ಕೇಳಿದ್ರೆ ಬೆನ್ನಿಗೊಂದು ಬೀಳ್ತಿತ್ತು."

ತರಗತಿ ನಕ್ಕಿತು. ಮೇಡಂ ನಗಲಿಲ್ಲ. ಪುಟದ ಮೇಲೆ ಬಿಳಿ ಹಾಳೆಯೊಂದನ್ನಿಟ್ಟು, ಒಂದೇ ಒಂದು ಪದ ಕಾಣುವಷ್ಟು ಸರಿಸಿದರು. "ಗಟ್ಟಿಯಾಗಿ ಓದು. ಬಂದದ್ದು ಬಂದ ಹಾಗೆ."

ಅವಳು ಓದಿದಳು. ಮೊದಲು ನೀರು ಬಂತು. ಆಮೇಲೆ ನೀರಿನಿಂದೆದ್ದ ಮಂಜು. ಅವಳು ನಸುಕಿನಲ್ಲಿ ದೋಣಿಯಿಂದ ಕಂಡಿದ್ದ ಅದೇ ಮಂಜು, ದಂಡೆಗೆ ಅಂಟಿಕೊಂಡು ಗುಡ್ಡದ ನೆತ್ತಿಯನ್ನು ಮಾತ್ರ ಬಿಡುವಂಥದ್ದು. ಹಾಳೆ ಸರಿಯಿತು. ಸೈನಿಕರು ಬಂದರು, ಸಾಲಾಗಿ, ಮುಂದಿನವನ ಬೆನ್ನೂ ಕಾಣದೆ. ವಾಕ್ಯ ಮುಗಿಯಲೊಲ್ಲದು. ಒಂದರ ಹೊಟ್ಟೆಯಲ್ಲಿ ಇನ್ನೊಂದು ಮಾತು, ದಾರಿ ಕಿರಿದಾದಂತೆ ಮಾತೂ ಕಿರಿದು. ಅವಳ ಉಸಿರೂ ಹಾಗೆಯೇ. ಹಿಂದೆ ಹೋಗಲು ದಾರಿಯಿಲ್ಲ. ಮುಂದಿನ ಪದ ಇನ್ನೂ ಹಾಳೆಯಡಿ. ಎಲ್ಲಿಂದಲೋ ಕೂಗು ಕೇಳಿತು. ಯಾರದೆಂದು ಸೈನಿಕರಿಗೂ ತಿಳಿಯದು, ಅವಳಿಗೂ ತಿಳಿಯದು.

ಕಟ್ಟಕಡೆಗೆ, ಒಂದೇ ಪುಟ್ಟ ಕ್ರಿಯಾಪದದಲ್ಲಿ, ಗುಡ್ಡಗಳೆಲ್ಲ ಕೆಳಗಿಳಿದವು.

ಮಿರೆಲ್ಲಾ ನಿಂತುಬಿಟ್ಟಳು. ತೋಳಿನ ರೋಮ ನಿಮಿರಿತ್ತು. ಎರಡು ಸಾವಿರ ವರ್ಷದ ಹಿಂದೆ ಸತ್ತ ಮನುಷ್ಯನೊಬ್ಬ ಆ ಒಂದು ಪದವನ್ನು ಇಷ್ಟು ಹೊತ್ತು ಮುಷ್ಟಿಯಲ್ಲಿ ಹಿಡಿದು ಕಾದಿದ್ದನಲ್ಲ, ಅವಳು ಬಂದು ನಿಲ್ಲಲಿ ಎಂದು.

"ಈ ಶೈಲಿಗೆ ಏನಂತಾರೆ?"

"ಹೆಸರು ಗೊತ್ತಿಲ್ಲ ಮೇಡಂ. ಆದ್ರೆ... ಆ ಸೈನಿಕ್ರಿಗೆ ಗೊತ್ತಾದಾಗ್ಲೇ ನನಗೂ ಗೊತ್ತಾಯ್ತು. ಒಂದು ಕ್ಷಣಾನೂ ಮುಂಚೆ ಅಲ್ಲ."

ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಆರು. ಹೆಸರು ಗೊತ್ತಿದ್ದಿದ್ರೆ ಎಂಟು. ಹೋಗಿ ಕೂತ್ಕೊ."

ಹಿಂದಿನಿಂದ ಫೌಸ್ತೋ ನಿಟ್ಟುಸಿರಿಟ್ಟ, "ಹೂವಿನ ದುಡ್ಡು ಉಳೀತು."

ಅವಳು ಕೂರಲಿಲ್ಲ. ಆ ದಂಡಿನ ಗತಿ ಏನಾಯಿತೆಂದು ಅವಳ ಊರಿನ ಕೂಸಿಗೂ ಗೊತ್ತು. ಆದರೂ ಅಲ್ಲೇ ನಿಂತು ಮೆಲ್ಲಗೆ ಕೇಳಿದಳು, "ಮೇಡಂ, ಇನ್ನೊಂದೇ ವಾಕ್ಯ. ಯಾರಾದ್ರೂ ತಪ್ಪಿಸ್ಕೊಳ್ತಾರೇನೋ."